ಉಪ್ಪು ತಿಂದ ನೀರು

ಖ್ರೊನಿಂಗನ್‌ನಲ್ಲಿ ನವೆಂಬರ್ ಎಂದರೆ
ಸಂಜೆ ಐದಕ್ಕೇ ಕಿಟಕಿಯ ಗಾಜು ಕನ್ನಡಿಯಾಗುತ್ತದೆ.
ಅದರಲ್ಲಿ ಬೌಕ್ಯೆಯ ಮುಖ, ಮುಖದ ಮೇಲೆ ಪರದೆಯ ಬೆಳಕು,
ಬೆಳಕಿನೊಳಗೆ ಒಂದು ಪೆಟ್ಟಿಗೆ,
ಪೆಟ್ಟಿಗೆಯೊಳಗೆ ಎರಡು ಸಾವಿರದ ನಲವತ್ತೆಂಟು ಜೇಡಿಕಣ
ಹನ್ನೊಂದು ದಿನದಿಂದ ಒಂದನ್ನೊಂದು ಮುಟ್ಟದೆ ತೇಲುತ್ತಿವೆ.

ನೀರೆಂಬ ನೀರು ಅಲ್ಲಿಲ್ಲ.
ನೀರಿನ ಬದಲಿಗೆ ಹಿಂದಕ್ಕೆಳೆಯುವ ಒಂದು ಅಂಕಿ,
ಎತ್ತ ಬೇಕಾದರತ್ತ ತಳ್ಳುವ ಒಂದು ಜೂಜು.
ಕ್ಷಣಕ್ಕೊಮ್ಮೆ ದಾಳ ಬೀಳುತ್ತದೆ, ಕಣ ಕದಲುತ್ತದೆ.
ಗೋಡೆಗಳೂ ನೆಪಕ್ಕೆ:
ಬಲಗಡೆ ಹೊರಬಿದ್ದದ್ದು ಎಡಗಡೆ ಒಳಬರುತ್ತದೆ,
ಅತ್ತೆಮನೆಗೆಂದು ಹೊರಟವಳು ತವರಿನ ಹಿತ್ತಿಲಲ್ಲೇ ಇಳಿದಂತೆ.
ಇಡೀ ರಾತ್ರಿ ಯಂತ್ರ ಓಡಿದರೂ ಅವುಗಳ ಲೋಕದಲ್ಲಿ ಕಳೆದದ್ದು
ಒಂದು ಸಲ ಎವೆಯಿಕ್ಕುವುದರ ಸಾವಿರದಲ್ಲೊಂದು ಭಾಗ.

ಅವಳ ನುಡಿಯಲ್ಲಿ ಆ ಕಣಗಳ ಮೈಮೇಲಿರುವುದು ಬರಿ ಮೈನಸ್.
ನನ್ನ ನುಡಿ ಅದನ್ನು ಋಣ ಎನ್ನುತ್ತದೆ,
ಎಂದುಬಿಟ್ಟ ಮೇಲೆ ಸುಮ್ಮನಿರಲು ಬಿಡುವುದಿಲ್ಲ.
ಒಂದೇ ಋಣದವರು ಎದುರಾದರೆ ದಾರಿ ಬದಲಿಸುತ್ತಾರೆ,
ಸಿಹಿನೀರಿನಲ್ಲಂತೂ ಎಷ್ಟೋ ದೂರದಿಂದಲೇ.
ಹಾಗಾಗಿಯೇ ಹೊಳೆ ಕದಡಿದ್ದು ಕದಡಿಯೇ ಹರಿಯುತ್ತದೆ.
ಕಡಲು ಸೇರುವಲ್ಲಿ ಉಪ್ಪಿನ ಧನ ಬಂದು ಸುತ್ತ ನೆರೆಯುತ್ತದೆ.
ಋಣ ತೀರುವುದಿಲ್ಲ; ಕಾಣದಾಗುತ್ತದೆ, ಅಷ್ಟೆ.
ಕಾಣದಾದದ್ದೇ ತಡ,
ಜೇಡಿ ಜೇಡಿಗೆ ಅಂಟಿ, ಭಾರವಾಗಿ, ತಳ ಹುಡುಕುತ್ತದೆ.
ಉಪ್ಪು ತಿಂದವರು ನೀರು ಕುಡಿಯಬೇಕಂತೆ;
ಉಪ್ಪು ತಿಂದ ನೀರು ನೆಲವನ್ನು ಕಕ್ಕಬೇಕು.

ಕಕ್ಕುತ್ತಿಲ್ಲ.

ಪಕ್ಕದ ಮೇಜಿನ ಎರ್ದಿಂಚ್, "ಬೀಜ ಬದಲಿಸಿ ನೋಡು" ಎಂದ.
ಬೀಜವೆಂದರೆ ದಾಳ ಹೊರಡುವ ಮೊದಲ ಅಂಕಿ.
ತಂಗಿಯ ಹುಟ್ಟಿದ ದಿನ ಹಾಕಿದಳು,
ಬಸ್ಸಿನ ನಂಬರು ಹಾಕಿದಳು,
ಕೊನೆಗೆ ಸಿಟ್ಟಿನಲ್ಲಿ ಆರು ಸೊನ್ನೆ ಒತ್ತಿದಳು.
ಯಾವ ಬೀಜವೂ ಮೊಳೆಯಲಿಲ್ಲ.

ಸೋದರಮಾವ ಊಬೆಲೆಗೆ ಇದೆಲ್ಲ ಗೊತ್ತಿಲ್ಲ. ಗೊತ್ತಿದೆ.
ಹೊಲ್ವರ್ಡಿನ ಆಚೆ, ಇಳಿತದ ವೇಳೆ, ತೊಡೆಮಟ್ಟ ಬೂಟು ತೊಟ್ಟು
ಕೆಸರಿನಲ್ಲಿ ಜೋಡಿಗೂಟ ಹೊಡೆದು
ನಡುವೆ ವಿಲೋ ಕಡ್ಡಿಗಳ ಕಟ್ಟು ತುರುಕುವುದು ಅವನ ಮೂವತ್ತು ವರ್ಷ.
"ನೀರನ್ನ ತಡೆಯೋದಿಲ್ಲ ಕಣೆ, ದಣಿಸ್ತೀವಿ."
ದಣಿದ ನೀರು ಹೊತ್ತದ್ದನ್ನು ಇಳಿಸಿ ಹೋಗುತ್ತದೆ
ವರ್ಷಕ್ಕೆ ಎರಡು ಬೆರಳಗಲ.
ಅತ್ತ ಆಮೆಲಾಂಡ್ ದ್ವೀಪದ ಹಡಗಿಗೆ ಅದೇ ಕೆಸರು ಅಡ್ಡಗಾಲು;
ಅದನ್ನೆತ್ತಿ ಎಸೆಯಲು ಬೇರೊಂದು ಯಂತ್ರ
ಹಗಲಿರುಳು ಗುರುಗುಟ್ಟುತ್ತದೆ.

ಭಾನುವಾರ, ಅವನ ಅಡುಗೆಮನೆ. ಬಟಾಣಿ ಸೂಪು.
ಹನ್ನೊಂದು ದಿನದ ಕತೆಯನ್ನೆಲ್ಲ ಹೇಳಿಕೊಂಡಳು:
ಬಲಗಳು, ದೂರಗಳು, ಬದಲಿಸಿ ಸೋತ ಬೀಜಗಳು.
ಅವನು ಸೌಟು ಎತ್ತಿ, ಊದಿ, ನಾಲಿಗೆಗೆ ತಾಗಿಸಿ ಕೇಳಿದ,
ಸೂಪಿಗೋ ಪೆಟ್ಟಿಗೆಗೋ ತಿಳಿಯಲಿಲ್ಲ:
"ಉಪ್ಪು ನೋಡಿದೆಯಾ?"

ಕೊನೆಯ ಬಸ್ಸು, ಕೊನೆಯ ರೈಲು.
ಮೂರನೆಯ ಕಡತ, ನೂರ ಹನ್ನೆರಡನೆಯ ಸಾಲು.
ಲೀಟರಿಗೆ ಹಾಕಬೇಕಾದ ಉಪ್ಪನ್ನು ಘನಮೀಟರಿಗೆ ಹಾಕಿದ್ದಳು.
ಸಾವಿರದಲ್ಲೊಂದು ಪಾಲು. ಕಡಲೆಂದು ಹೆಸರಿಟ್ಟ ಮಳೆನೀರು.
ಋಣದ ಕೂಗು ಇರಬೇಕಾದ್ದಕ್ಕಿಂತ ಮೂವತ್ತು ಪಟ್ಟು ದೂರ
ಕೇಳುತ್ತಲೇ ಇತ್ತು.
ಒಬ್ಬಳೇ ಜೋರಾಗಿ ನಕ್ಕು ಬಾಗಿಲು ತೆರೆದಳು;
ಯಾರೋ ಬಂದರೆಂದು ಕಾರಿಡಾರಿನ ದೀಪ ತಾನಾಗಿ ಹೊತ್ತಿಕೊಂಡಿತು.

ನಸುಕು. ಎರಡು ಅಂಟಿದವು. ಆಮೇಲೆ ಐದು. ಹದಿನೇಳು.
ಒಂದು ಗೊಂಚಲು ಕವಲೊಡೆಯುತ್ತ ಬಲಗೋಡೆ ದಾಟಿತು,
ಎಡಗೋಡೆಯಿಂದ ಬಂದು ತನ್ನ ಬೆನ್ನನ್ನು ತಾನೇ ಹಿಡಿಯಿತು,
ಸಾಲಾಗಿ ನಿಂತ ಎಣೆಯಿಲ್ಲದ ಪೆಟ್ಟಿಗೆಗಳಲ್ಲೆಲ್ಲ ಒಂದೇ ಗಳಿಗೆಗೆ.
ಹಿಡಿಯಿತು, ಕೂರಲಿಲ್ಲ.
ಕೂರಲು ಅಲ್ಲಿ ತಳವಿಲ್ಲ;
ಕೆಳಗೆ ಬಿದ್ದದ್ದು ಮೇಲಿನಿಂದ ಬರುತ್ತದೆ.

ತಳ ಬರೆಯುವುದು ಮುಂದಿನ ವಾರದ ಕೆಲಸ.
ಈಗ ಹೊಲ್ವರ್ಡಿನಲ್ಲಿ ಇಳಿತ ಶುರುವಾಗಿರಬೇಕು,
ಊಬೆಲೆ ಎದ್ದು
ಬೂಟಿನಿಂದ ಶನಿವಾರದ ಕೆಸರು ಕೊಡವುತ್ತಿರಬೇಕು
ಬಾಗಿಲಾಚೆ, ಹುಲ್ಲಿನ ಮೇಲೆ,
ಎಣಿಸದೆ.